ಮೂತ್ರದ ಪಟ್ಟಿ ಮೊದಲೇ ಹೇಳಿತ್ತು: ಹೃದಯ ಕವಾಟ ಬದಲಾದ ಮೇಲೆ ಮೂತ್ರಪಿಂಡ ಸೋತ ಒಂದು ಪ್ರಕರಣ

ಭಾನುವಾರ ಬೆಳಿಗ್ಗೆ ಹೃದ್ರೋಗ ವಿಭಾಗದಿಂದ ಕರೆ ಬಂತು. ಶುಕ್ರವಾರ ಕ್ಯಾತಿಟರ್ (ರಕ್ತನಾಳದೊಳಗೆ ತೂರಿಸುವ ಸಣ್ಣ ಕೊಳವೆ) ಮೂಲಕ ಮಹಾಪಧಮನಿ ಕವಾಟ ಹಾಕಿಸಿಕೊಂಡ 81 ವರ್ಷದ ಮಹಿಳೆಗೆ ಕ್ರಿಯಾಟಿನಿನ್ 2.4ಕ್ಕೆ ಏರಿದೆ, ಡೈಯಿಂದ ಆಗಿರಬೇಕು, ಒಮ್ಮೆ ಬಂದು ನೋಡಿ ಎಂದರು. ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಸ; ಮೂತ್ರಪಿಂಡ ಸೋತರೆ ಅದು ರಕ್ತದಲ್ಲಿ ಏರುತ್ತದೆ. ಮೂತ್ರಪಿಂಡ ವೈದ್ಯರಿಗೆ ಇಂಥ ಕರೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಡೈ, ಅಂದರೆ ರಕ್ತನಾಳಗಳು ಎಕ್ಸ್-ರೇಯಲ್ಲಿ ಕಾಣಲೆಂದು ಕೊಡುವ ಕಾಂಟ್ರಾಸ್ಟ್ ದ್ರವ, ಕೊಟ್ಟ ನಂತರ ಮೂತ್ರಪಿಂಡ ಕೆಟ್ಟರೆ ತಪ್ಪೆಲ್ಲ ಆ ದ್ರವದ್ದೇ ಎಂಬ ತೀರ್ಮಾನ ಕರೆಯ ಜೊತೆಯಲ್ಲೇ ಬಂದಿರುತ್ತದೆ. ನಾನು ಕಡತ ಹಿಡಿದು ಕುಳಿತೆ. ಓದಿ ಮುಗಿಸಲು ಒಂದು ಗಂಟೆ ಹಿಡಿಯಿತು. ಡೈ ಅಲ್ಲಿ ಇತ್ತು, ನಿಜ. ಆದರೆ ಅದಕ್ಕೆ ಜೊತೆಯಾದವರು ಬಹಳ ಮಂದಿ ಇದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ರೋಗಿ

ತೂಕ 48 ಕಿಲೋ. ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ, ಅದಕ್ಕೂ ಮೊದಲಿನಿಂದ ರಕ್ತದೊತ್ತಡ. ಮೂರು ತಿಂಗಳಿಂದ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಒಮ್ಮೆ ಮೆಟ್ಟಿಲ ಮೇಲೆ ಎಚ್ಚರ ತಪ್ಪಿ ಬಿದ್ದಿದ್ದರು. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಮಹಾಪಧಮನಿ ಕವಾಟದ ಬಾಯಿ 0.7 ಚದರ ಸೆಂಟಿಮೀಟರಿಗೆ ಕುಗ್ಗಿತ್ತು. 1.0ಕ್ಕಿಂತ ಕಡಿಮೆಯಾದರೆ ಅದು ತೀವ್ರ ಸಂಕೋಚನ. ಕವಾಟದ ಎರಡೂ ಬದಿಯ ಸರಾಸರಿ ಒತ್ತಡದ ವ್ಯತ್ಯಾಸ 46 ಮಿ.ಮೀ. ಪಾದರಸ, 40 ದಾಟಿದರೆ ತೀವ್ರವೆನ್ನುತ್ತೇವೆ. ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯನ್ನು ಅವರ ದೇಹ ತಡೆಯದು ಎಂದು ತಂಡ ನಿರ್ಧರಿಸಿತ್ತು.

ಹಾಗಾದರೆ ಏನನ್ನೂ ಮಾಡದೆ ಬಿಡಬಹುದಿತ್ತೆ? ಫ್ರಾನ್ಸಿನ ರೂಆನ್ ನಗರದಲ್ಲಿ ಅಲೆನ್ ಕ್ರಿಬಿಯೆ 2002ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಮನುಷ್ಯನ ಹೃದಯಕ್ಕೆ ಕ್ಯಾತಿಟರ್ ಮೂಲಕ ಈ ಕವಾಟವನ್ನು ಹಾಕುವವರೆಗೆ ಇಂಥ ರೋಗಿಗಳಿಗೆ ಔಷಧಿ ಬಿಟ್ಟು ಬೇರೆ ದಾರಿ ಇರಲಿಲ್ಲವೆಂದೇ ಹೇಳಬೇಕು. 2010ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನ ಶಸ್ತ್ರಚಿಕಿತ್ಸೆಯನ್ನು ತಾಳಲಾರದ ರೋಗಿಗಳನ್ನೇ ಆರಿಸಿಕೊಂಡಿತ್ತು. ಒಂದು ವರ್ಷದೊಳಗೆ ತೀರಿಕೊಂಡವರು ಹಳೆಯ ರೀತಿಯ ಚಿಕಿತ್ಸೆಯಲ್ಲಿ ಶೇ 50.7, ಕ್ಯಾತಿಟರ್ ಕವಾಟ ಪಡೆದವರಲ್ಲಿ ಶೇ 30.7. ಆದ್ದರಿಂದ ಕವಾಟ ಹಾಕುವ ನಿರ್ಧಾರದ ಬಗ್ಗೆ ನನ್ನ ತಕರಾರು ಏನೇನೂ ಇಲ್ಲ. ಈ ಚಿಕಿತ್ಸೆ ಪಡೆದವರಲ್ಲಿ ಎಷ್ಟೋ ಮಂದಿಯ ಮೂತ್ರಪಿಂಡ ಮೊದಲಿಗಿಂತ ಚೆನ್ನಾಗುತ್ತದೆ. ಹೃದಯದಿಂದ ರಕ್ತ ಸರಾಗವಾಗಿ ಹೊರಟರೆ ಮೂತ್ರಪಿಂಡಕ್ಕೂ ಅದರ ಪಾಲು ಸಿಗುತ್ತದೆ. ಹಾನಿಯಾಗುವವರೂ ಇದ್ದಾರೆ. ಅಧ್ಯಯನಗಳಲ್ಲಿ ನೂರಕ್ಕೆ ಸರಿಸುಮಾರು ಹತ್ತರಿಂದ ಮೂವತ್ತು ಮಂದಿಯಲ್ಲಿ ತೀವ್ರ ಮೂತ್ರಪಿಂಡ ಹಾನಿ ಕಂಡಿದೆ. ಡಯಾಲಿಸಿಸ್ ಬೇಕಾಗುವವರು ಕೆಲವರೇ. ಆದರೆ ಹಾನಿಯಾದವರಲ್ಲಿ ಸಾವಿನ ಪ್ರಮಾಣ ಆಗದವರಿಗಿಂತ ಹಲವು ಪಟ್ಟು ಹೆಚ್ಚು.

1.3 ಎಂಬ ಅಂಕಿ

ಸೋಮವಾರ ಆಸ್ಪತ್ರೆಗೆ ಸೇರಿದಾಗ ಅವರ ಕ್ರಿಯಾಟಿನಿನ್ 1.3 ಇತ್ತು. ವರದಿಯ ಪಕ್ಕದಲ್ಲಿ ಯಾರೋ "ಸ್ವಲ್ಪ ಹೆಚ್ಚು" ಎಂದು ಬರೆದಿದ್ದರು. ಈ ಎರಡು ಪದಗಳ ಮೇಲೆ ನನಗೆ ಬಹಳ ಬೇಸರವಿದೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಸ್ನಾಯು ಸವೆದುಹೋದ ಹಿರಿಯರಲ್ಲಿ ಅದು ಹುಟ್ಟುವುದೇ ಕಡಿಮೆ, ಹಾಗಾಗಿ ರಕ್ತದಲ್ಲಿ ಅದರ ಮಟ್ಟ ತಗ್ಗಿರುವುದು ಮೂತ್ರಪಿಂಡ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. 81 ವರ್ಷದ ಮಹಿಳೆಯಲ್ಲಿ 1.3 ಎಂದರೆ ಮೂತ್ರಪಿಂಡದ ಸೋಸುವ ಸಾಮರ್ಥ್ಯ, ಅಂದರೆ ಇಜಿಎಫ್‌ಆರ್, ನಿಮಿಷಕ್ಕೆ 41 ಮಿ.ಲೀ. ಮಾತ್ರ. ತೂಕವನ್ನೂ ಸೇರಿಸಿ ಲೆಕ್ಕ ಹಾಕುವ ಹಳೆಯ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರದಲ್ಲಿ ಅದು 26ಕ್ಕೆ ಇಳಿಯುತ್ತದೆ. ಅವರು ಆಸ್ಪತ್ರೆಯ ಬಾಗಿಲು ದಾಟುವಾಗಲೇ ಅರ್ಧಕ್ಕಿಂತ ಹೆಚ್ಚು ಮೂತ್ರಪಿಂಡ ಕಳೆದುಕೊಂಡಿದ್ದರು.

ಹಿಮೋಗ್ಲೋಬಿನ್ 9.8, ಅಂದರೆ ರಕ್ತಹೀನತೆಯೂ ಇತ್ತು. ದಿನವೂ ನುಂಗುತ್ತಿದ್ದದ್ದು ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್, ಮೂತ್ರ ಹೆಚ್ಚಿಸಲು ಟಾರ್ಸೆಮೈಡ್, ಸಕ್ಕರೆಗೆ ಮೆಟ್‌ಫಾರ್ಮಿನ್. ಕಡತದಲ್ಲಿ ಇಲ್ಲದ ಇನ್ನೊಂದು ಮಾತ್ರೆಯೂ ಇತ್ತು. ಭಾನುವಾರ ನಾನು ಮಗಳನ್ನು ಕೇಳಿದಾಗ ಅವರು ಯೋಚಿಸಿ ಹೇಳಿದರು: "ಮಂಡಿನೋವಿಗೆ ಒಂದು ಗುಳಿಗೆ ತೆಗೆದುಕೊಳ್ಳುತ್ತಾರೆ ಡಾಕ್ಟರ್. ಅದನ್ನು ಔಷಧಿ ಎಂದು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ." ಅದು ಡೈಕ್ಲೋಫೆನಾಕ್. ದಿನಕ್ಕೊಂದು, ಕೆಲವೊಮ್ಮೆ ಎರಡು.

ಈ ಮಾತ್ರೆಗಳು ಒಟ್ಟಿಗೆ ಏನು ಮಾಡುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕು. ಮೂತ್ರಪಿಂಡದ ಪ್ರತಿಯೊಂದು ಸೋಸುಗುಚ್ಛಕ್ಕೂ ರಕ್ತ ತರುವ ನಾಳ ಒಂದು, ಒಯ್ಯುವ ನಾಳ ಒಂದು. ದೇಹದ ರಕ್ತದೊತ್ತಡ ಕುಸಿದಾಗ ತರುವ ನಾಳ ಹಿಗ್ಗುತ್ತದೆ, ಒಯ್ಯುವ ನಾಳ ಬಿಗಿಯಾಗುತ್ತದೆ. ಹೀಗೆ ನಡುವಿನ ಒತ್ತಡವನ್ನು ಮೂತ್ರಪಿಂಡ ತಾನೇ ಕಾಯ್ದುಕೊಳ್ಳುತ್ತದೆ. ಡೈಕ್ಲೋಫೆನಾಕ್ ಮೊದಲನೆಯದನ್ನು ಹಿಗ್ಗಲು ಬಿಡುವುದಿಲ್ಲ. ಟೆಲ್ಮಿಸಾರ್ಟನ್ ಎರಡನೆಯದನ್ನು ಬಿಗಿಯಾಗಲು ಬಿಡುವುದಿಲ್ಲ. ಟಾರ್ಸೆಮೈಡ್ ನೀರನ್ನು ಹೊರಹಾಕಿ ಹರಿಯುವ ರಕ್ತದ ಪ್ರಮಾಣವನ್ನೇ ಇಳಿಸುತ್ತದೆ. ಎಲ್ಲವೂ ನೆಟ್ಟಗಿರುವ ದಿನ ಇದರಿಂದ ತೊಂದರೆ ಕಾಣದಿರಬಹುದು. ರಕ್ತದೊತ್ತಡ ಕುಸಿಯುವ ದಿನ ಮೂತ್ರಪಿಂಡದ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಐದು ದಿನ, ಮೂರು ಸಲ

ಸೋಮವಾರ ಸಿಟಿ ಆಂಜಿಯೋಗ್ರಾಂ: ಕವಾಟದ ಅಳತೆ, ತೊಡೆಯ ರಕ್ತನಾಳಗಳ ದಾರಿ ತಿಳಿಯಲು. ಕಾಂಟ್ರಾಸ್ಟ್ 80 ಮಿ.ಲೀ. ಬುಧವಾರ ಹೃದಯದ ರಕ್ತನಾಳಗಳ ಆಂಜಿಯೋಗ್ರಾಂ, 50 ಮಿ.ಲೀ. ಶುಕ್ರವಾರ ಕವಾಟ ಹಾಕುವಾಗ 110 ಮಿ.ಲೀ. ಕಾಂಟ್ರಾಸ್ಟಿನ ಮಿ.ಲೀ. ಪ್ರಮಾಣ ಇಜಿಎಫ್‌ಆರ್‌ನ ಮೂರು ಪಟ್ಟಿನೊಳಗೆ ಇರಲಿ ಎಂಬ ರೂಢಿಯೊಂದಿದೆ. ಶುಕ್ರವಾರದ್ದು 2.7 ಪಟ್ಟು, ಮಿತಿಯೊಳಗೇ ಇತ್ತು. ಸೋಮವಾರದ್ದೂ ಬುಧವಾರದ್ದೂ ಇನ್ನಷ್ಟು ಒಳಗೆ. ಮೂರನ್ನೂ ಕೂಡಿಸಿದರೆ 240 ಮಿ.ಲೀ., ಅಂದರೆ ಹತ್ತಿರಹತ್ತಿರ ಆರು ಪಟ್ಟು. ಕೂಡಿಸಿದವರು ಯಾರೂ ಇರಲಿಲ್ಲ, ಯಾಕೆಂದರೆ ಮೂರೂ ಬೇರೆ ಬೇರೆ ಕೋಣೆಗಳಲ್ಲಿ, ಬೇರೆ ಬೇರೆ ತಂಡಗಳ ಕೈಯಲ್ಲಿ ನಡೆದವು.

ಇವರನ್ನು ಎರಡು ವಾರ ಮನೆಗೆ ಕಳಿಸಿ ಮತ್ತೆ ಕರೆಸಿಕೊಳ್ಳಬಹುದಿತ್ತು ಎಂದು ದೂರದಲ್ಲಿ ಕುಳಿತು ಹೇಳುವುದು ಸುಲಭ. ಎಚ್ಚರ ತಪ್ಪಿ ಬಿದ್ದ, ಶ್ವಾಸಕೋಶದಲ್ಲಿ ನೀರು ತುಂಬಿದ್ದ ರೋಗಿ ಅವರು. ಆ ಎರಡು ವಾರಗಳಲ್ಲಿ ತೀರಿಕೊಳ್ಳುವ ಭಯ ಸಣ್ಣದಲ್ಲ. ಆದರೆ ಬುಧವಾರದ ಪರೀಕ್ಷೆಯನ್ನು ಬಿಡಬಹುದಿತ್ತು ಎಂದೇ ನನ್ನ ಅಭಿಪ್ರಾಯ. ಹೃದಯದ ಮುಖ್ಯ ರಕ್ತನಾಳಗಳ ಆರಂಭದ ಭಾಗ ಸೋಮವಾರದ ಸಿಟಿಯಲ್ಲೇ ಚೆನ್ನಾಗಿ ಕಂಡಿತ್ತು, ಅಡ್ಡಿ ಇರಲಿಲ್ಲ.

ಗುರುವಾರ ಬೆಳಿಗ್ಗೆ ಕ್ರಿಯಾಟಿನಿನ್ 1.5. ಶುಕ್ರವಾರದ ಚಿಕಿತ್ಸೆಗೆ ಮುಂಚಿನ ಟಿಪ್ಪಣಿಯಲ್ಲಿ "ಮೂಲ ಕ್ರಿಯಾಟಿನಿನ್ 1.5" ಎಂದು ದಾಖಲಾಯಿತು. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲು ಇದು. ಆಗಲೇ ಪೆಟ್ಟು ತಿಂದು ಏರತೊಡಗಿದ್ದ ಅಂಕಿಯನ್ನು ರೋಗಿಯ ಸಹಜ ಸ್ಥಿತಿ ಎಂದು ಬರೆದಂತಾಯಿತು. ಶನಿವಾರ ಬೆಳಿಗ್ಗೆ 1.6 ಬಂದಾಗ ಎಲ್ಲರೂ 1.5ರೊಂದಿಗೆ ಹೋಲಿಸಿ, 0.1 ತಾನೆ ಎಂದು ಮುಂದೆ ಹೋದರು. 1.3ರೊಂದಿಗೆ ಹೋಲಿಸಿದ್ದರೆ ವ್ಯತ್ಯಾಸ 0.3 ಎಂದು ಕಾಣುತ್ತಿತ್ತು. ನಾವು ಕಿವಿ ನಿಮಿರಿಸುವ ಅಂಕಿ ಅದು.

ಮುನ್ನೆಚ್ಚರಿಕೆಯಾಗಿ, ಡೈಯಿಂದ ಮೂತ್ರಪಿಂಡವನ್ನು ಕಾಪಾಡುತ್ತದೆಂಬ ನಂಬಿಕೆಯಲ್ಲಿ, ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಮಾತ್ರೆ ಕೊಟ್ಟಿದ್ದರು. 2018ರಲ್ಲಿ ಪ್ರಕಟವಾದ ಪ್ರಿಸರ್ವ್ ಅಧ್ಯಯನ ಸುಮಾರು ಐದು ಸಾವಿರ ರೋಗಿಗಳಲ್ಲಿ ಪರೀಕ್ಷಿಸಿ, ಇದರಿಂದ ಲಾಭವಿಲ್ಲ, ಸಾಮಾನ್ಯ ಸಲೈನ್‌ಗಿಂತ ಸೋಡಿಯಂ ಬೈಕಾರ್ಬನೇಟ್ ಮೇಲೂ ಅಲ್ಲ ಎಂದು ತೋರಿಸಿತ್ತು. ಮಾತ್ರೆ ಕೊಟ್ಟದ್ದರಿಂದ ಕೆಡುಕಾಗಲಿಲ್ಲ. ಮೂತ್ರಪಿಂಡಕ್ಕೆ ಮಾಡಬೇಕಾದ್ದನ್ನು ಮಾಡಿದ್ದೇವೆ ಎಂಬ ಸಮಾಧಾನ ಸಿಕ್ಕಿತು, ಕೆಡುಕಾದದ್ದು ಅದರಿಂದ. ಶುಕ್ರವಾರ ಬೆಳಿಗ್ಗೆ ಟೆಲ್ಮಿಸಾರ್ಟನ್ ಮತ್ತು ಟಾರ್ಸೆಮೈಡ್ ಎಂದಿನಂತೆ ಕೊಡಲಾಗಿತ್ತು.

ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಬೆಳಗಿನವರೆಗೆ

ಕವಾಟ ಕೂರಿಸುವಾಗ ಹೃದಯ ಒಂದು ಕ್ಷಣ ಅಲುಗದಂತೆ ಇರಬೇಕು. ಅದಕ್ಕಾಗಿ ತಾತ್ಕಾಲಿಕ ಪೇಸಿಂಗ್ ತಂತಿಯಿಂದ ಹೃದಯವನ್ನು ನಿಮಿಷಕ್ಕೆ 180 ಸಲ ಬಡಿಸಿದರು. ಅಷ್ಟು ವೇಗದಲ್ಲಿ ಹೃದಯ ತುಂಬಲು ಪುರಸೊತ್ತೇ ಇಲ್ಲದೆ ರಕ್ತದೊತ್ತಡ ಬಿದ್ದುಹೋಗುತ್ತದೆ. ಎರಡು ಸಲ, ಕೆಲವು ಸೆಕೆಂಡುಗಳಷ್ಟೇ. ಮೂತ್ರಪಿಂಡ ಇದನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಕವಾಟ ಚೆನ್ನಾಗಿ ಕೂತಿತು.

ತೊಂದರೆ ಬಂದದ್ದು ತೊಡೆಸಂದಿನಲ್ಲಿ. ರಕ್ತನಾಳದ ತೂತು ಮುಚ್ಚುವ ಸಾಧನ ಸರಿಯಾಗಿ ಹಿಡಿಯಲಿಲ್ಲ. ಒತ್ತಿ ಹಿಡಿದು ರಕ್ತ ನಿಲ್ಲಿಸಿದರು. ಹಿಮೋಗ್ಲೋಬಿನ್ 8.1ಕ್ಕೆ ಇಳಿಯಿತು, ಎರಡು ಬಾಟಲಿ ರಕ್ತ ಕೊಟ್ಟರು. ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ ಸರಾಸರಿ ರಕ್ತದೊತ್ತಡ 58ರಿಂದ 62ರ ನಡುವೆ ಇತ್ತು. 60 ಹತ್ತಿರವಿದೆಯಲ್ಲ, ಸಾಕು ಎಂದುಕೊಂಡಿರಬಹುದು. ಇವರ ಎಂದಿನ ಒತ್ತಡ 150/80, ಅಂದರೆ ಸರಾಸರಿ 103. ದಶಕಗಳ ಕಾಲ ಹೆಚ್ಚಿನ ಒತ್ತಡಕ್ಕೆ ಒಗ್ಗಿಹೋದ ಮೂತ್ರಪಿಂಡಕ್ಕೆ 60 ಎಂಬುದು ಬರ. ಮೂತ್ರಪಿಂಡದ ಒಳಪದರ ಮೊದಲೇ ಆಮ್ಲಜನಕದ ಕೊರತೆಯ ಅಂಚಿನಲ್ಲಿ ಬದುಕುವ ಜಾಗ. ಕಾಂಟ್ರಾಸ್ಟ್ ದ್ರವ ಅಲ್ಲಿನ ನಾಳಗಳನ್ನು ಇನ್ನಷ್ಟು ಬಿಗಿಯಿಸುತ್ತದೆ. ಆ ನಾಲ್ಕು ಗಂಟೆಗಳಲ್ಲಿ ಡೈ, ಕಡಿಮೆ ಒತ್ತಡ, ರಕ್ತಹೀನತೆ ಮೂರೂ ಒಂದೇ ಜಾಗಕ್ಕೆ ಕೈ ಹಾಕಿದವು.

ಇನ್ನು ಮೂತ್ರದ ಪಟ್ಟಿ. ರಾತ್ರಿ ಪಾಳಿಯ ನರ್ಸ್ ಪ್ರತಿ ಗಂಟೆಗೂ ತಪ್ಪದೆ, ಅಂದವಾದ ಅಕ್ಷರದಲ್ಲಿ ಬರೆದಿದ್ದರು. ಸಂಜೆ ಏಳಕ್ಕೆ 18 ಮಿ.ಲೀ., ಎಂಟಕ್ಕೆ 15, ಒಂಬತ್ತಕ್ಕೆ 20, ಹತ್ತಕ್ಕೆ 12. ಪಕ್ಕದಲ್ಲಿ "ಕರ್ತವ್ಯದ ವೈದ್ಯರಿಗೆ ತಿಳಿಸಲಾಗಿದೆ" ಎಂಬ ಷರಾ. ವೈದ್ಯರು ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ 40 ಮಿ.ಗ್ರಾಂ ಚುಚ್ಚುಮದ್ದು ಬರೆದರು. ಹನ್ನೊಂದಕ್ಕೆ 95 ಬಂತು, ಹನ್ನೆರಡಕ್ಕೆ 30. ಆಮೇಲೆ ಬೆಳಗಿನವರೆಗೂ 10, 12, 14. ಏಳರಿಂದ ಬೆಳಿಗ್ಗೆ ಆರರವರೆಗಿನ ಹನ್ನೆರಡು ದಾಖಲೆಗಳ ಮೊತ್ತ 258 ಮಿ.ಲೀ., ಗಂಟೆಗೆ 21.5. ಕಿಲೋ ತೂಕಕ್ಕೆ ಗಂಟೆಗೆ ಅರ್ಧ ಮಿ.ಲೀ. ಎಂಬ ಲೆಕ್ಕದಲ್ಲಿ ಇವರಿಗೆ ಕನಿಷ್ಠ 24 ಬೇಕಿತ್ತು. ಮೂತ್ರಪಿಂಡ ರೋಗಗಳಿಗೆ ಮಾರ್ಗಸೂಚಿ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊದ 2012ರ ಮಾನದಂಡದಂತೆ ಆರು ಗಂಟೆ ಅದಕ್ಕಿಂತ ಕಡಿಮೆಯಾದರೆ ಒಂದನೇ ಹಂತದ ಹಾನಿ, ಹನ್ನೆರಡು ಗಂಟೆಯಾದರೆ ಎರಡನೇ ಹಂತ. ಅಂದರೆ ಶನಿವಾರ ಸೂರ್ಯ ಹುಟ್ಟುವಾಗಲೇ ಅವರು ಎರಡನೇ ಹಂತದಲ್ಲಿದ್ದರು. ಅದೇ ಬೆಳಿಗ್ಗೆ ತಂಡ ನೋಡಿದ್ದು 1.6 ಎಂಬ ಕ್ರಿಯಾಟಿನಿನ್. "ಮೂತ್ರಪಿಂಡ ಸ್ಥಿರ" ಎಂದು ಬರೆದರು.

ಕ್ರಿಯಾಟಿನಿನ್ ತಡವಾಗಿ ಮಾತಾಡುತ್ತದೆ. ಸೋಸುವಿಕೆ ಸಂಪೂರ್ಣ ನಿಂತರೂ ಅದು ರಕ್ತದಲ್ಲಿ ಕೂಡಿಕೊಳ್ಳಲು ಸಮಯ ಬೇಕು. ಸ್ನಾಯು ಕಡಿಮೆ ಇರುವವರಲ್ಲಿ ಇನ್ನೂ ಹೆಚ್ಚು ಸಮಯ. ಹಿಂದಿನ ದಿನ ಕೊಟ್ಟ ಸಲೈನ್ ಮತ್ತು ರಕ್ತ ಅದನ್ನು ತೆಳುವಾಗಿಸಿರುತ್ತದೆ. ಮೊದಲ ಬೆಳಗಿನ ಕ್ರಿಯಾಟಿನಿನ್ ನೋಡಿ ನಿಟ್ಟುಸಿರು ಬಿಡುವ ಅಭ್ಯಾಸವನ್ನು ನಾನು ಎಷ್ಟು ಕಡೆ ಕಂಡಿದ್ದೇನೋ ಲೆಕ್ಕವಿಲ್ಲ. ಕವಾಟ ಚಿಕಿತ್ಸೆಯ ತೊಡಕುಗಳನ್ನು ವ್ಯಾಖ್ಯಾನಿಸುವ ವಾರ್ಕ್ ಒಕ್ಕೂಟ ತನ್ನ 2012ರ ಪರಿಷ್ಕರಣೆಯಲ್ಲಿ ಮೂತ್ರಪಿಂಡವನ್ನು ಗಮನಿಸುವ ಅವಧಿಯನ್ನು 72 ಗಂಟೆಗಳಿಂದ ಏಳು ದಿನಗಳಿಗೆ ವಿಸ್ತರಿಸಿದ್ದು ಸುಮ್ಮನೆ ಅಲ್ಲ.

ಫ್ಯೂರೋಸೆಮೈಡ್ ಪಟ್ಟಿಯ ಅಂಕಿಯನ್ನು ಒಂದೆರಡು ಗಂಟೆ ಚೆಂದ ಮಾಡಿತು, ಅಷ್ಟೆ. ರಕ್ತ ಕಳೆದುಕೊಂಡು ಒಣಗಿದ್ದ ದೇಹದಿಂದ ಇನ್ನೊಂದಿಷ್ಟು ನೀರನ್ನು ಹಿಂಡಿತು. ಅದೇ ರಾತ್ರಿ ರೋಗಿ ಬೆನ್ನು ನೋಯುತ್ತಿದೆ ಎಂದಿದ್ದರು. ಬಹಳ ಹೊತ್ತು ಅಂಗಾತ ಮಲಗಿದ್ದರಿಂದ ಎಂದು ಭಾವಿಸಿ ನೋವಿಗೊಂದು ಚುಚ್ಚುಮದ್ದು ಕೊಟ್ಟರು. ಅದೂ ಡೈಕ್ಲೋಫೆನಾಕ್.

ಭಾನುವಾರ

ನಾನು ಹೋದಾಗ ಹಿಂದಿನ 24 ಗಂಟೆಗಳ ಮೂತ್ರ 290 ಮಿ.ಲೀ., ಪೊಟ್ಯಾಷಿಯಂ 5.6. ಮೊದಲು ಕಾಲ್ಬೆರಳು ನೋಡಿದೆ. ಮಹಾಪಧಮನಿಯ ಗೋಡೆಯಲ್ಲಿ ಅಂಟಿರುವ ಕೊಬ್ಬಿನ ಚೂರುಗಳನ್ನು ಕ್ಯಾತಿಟರ್ ಕೆರೆದು ಹಾರಿಸಿದರೆ ಬೆರಳು ನೀಲಿಯಾಗುತ್ತವೆ, ಚರ್ಮದ ಮೇಲೆ ಬಲೆಯಂಥ ಗೆರೆಗಳೇಳುತ್ತವೆ, ಮೂತ್ರಪಿಂಡ ವಾರಗಟ್ಟಲೆ ಮೆಟ್ಟಿಲು ಮೆಟ್ಟಿಲಾಗಿ ಕುಸಿಯುತ್ತದೆ. ಆ ಲಕ್ಷಣಗಳು ಇರಲಿಲ್ಲ. ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟಾಗ ಕೆಸರು ಬಣ್ಣದ ಹರಳು ಹರಳಾದ ಎರಕಗಳು ದಂಡಿಯಾಗಿ ಕಂಡವು. ಮೂತ್ರನಾಳಿಕೆಗಳ ಜೀವಕೋಶಗಳು ಸತ್ತು ಉದುರುತ್ತಿವೆ ಎಂದು ಅದರ ಅರ್ಥ.

ಆಮೇಲೆ ಹಿಮೋಗ್ಲೋಬಿನ್ ಸಾಲು. ಶುಕ್ರವಾರ 8.1 ಇದ್ದವರಿಗೆ ಎರಡು ಬಾಟಲಿ ರಕ್ತ ಕೊಟ್ಟರೆ ಶನಿವಾರ 10ರ ಆಸುಪಾಸು ಇರಬೇಕು. ಇದ್ದದ್ದು 8.4. ಭಾನುವಾರ 7.7. ರಕ್ತ ಎಲ್ಲಿಗೋ ಹೋಗುತ್ತಿತ್ತು. ಬೆನ್ನುನೋವಿನ ಮಾತು ಆಗ ಬೇರೆಯಾಗಿ ಕೇಳಿಸಿತು. ಕಾಂಟ್ರಾಸ್ಟ್ ಇಲ್ಲದ ಸಿಟಿ ತೆಗೆಸಿದೆವು. ಹೊಟ್ಟೆಯ ಹಿಂಭಾಗದಲ್ಲಿ, ತೊಡೆಸಂದಿನಿಂದ ಮೇಲಕ್ಕೆ, ರಕ್ತ ಹೆಪ್ಪುಗಟ್ಟಿ ನಿಂತಿತ್ತು. ಹೊರಗೆ ಒತ್ತಿ ಹಿಡಿದು ನಿಲ್ಲಿಸಿದ್ದೆವು ಎಂದುಕೊಂಡ ರಕ್ತ ಒಳಗೆ ಸೋರುತ್ತಲೇ ಇತ್ತು. ಪುಣ್ಯಕ್ಕೆ ಆ ಹೊತ್ತಿಗೆ ತಾನಾಗಿ ನಿಂತಿತ್ತು, ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ.

ಎಕೋ ಇನ್ನೊಂದು ಸಂಗತಿಯನ್ನು ತೋರಿಸಿತು. ವರ್ಷಗಟ್ಟಲೆ ಕಿರಿದಾದ ಕವಾಟದ ವಿರುದ್ಧ ತಳ್ಳಿ ತಳ್ಳಿ ಎಡ ಹೃತ್ಕುಕ್ಷಿಯ ಗೋಡೆ ದಪ್ಪಗಾಗಿತ್ತು, ಒಳಗಿನ ಜಾಗ ಚಿಕ್ಕದಾಗಿತ್ತು. ಈಗ ಅಡ್ಡಿ ತೆರವಾಗಿದೆ, ಆದರೆ ತುಂಬಲು ರಕ್ತವಿಲ್ಲ. ಪ್ರತಿ ಬಡಿತದಲ್ಲೂ ಗೋಡೆಗೆ ಗೋಡೆ ತಾಗುತ್ತಿತ್ತು. ಇಂಥ ಹೃದಯಕ್ಕೆ ನೀರು ಹಿಂಡುವ ಔಷಧಿಯೂ ಬಡಿತ ಚುರುಕುಗೊಳಿಸುವ ಔಷಧಿಯೂ ಶತ್ರು. ಶನಿವಾರದಿಂದ ಹನಿಹನಿಯಾಗಿ ಹೋಗುತ್ತಿದ್ದ ಫ್ಯೂರೋಸೆಮೈಡನ್ನು ನಿಲ್ಲಿಸಿದೆವು. ಒಂದು ಬಾಟಲಿ ರಕ್ತ ಕೊಟ್ಟೆವು. ದ್ರವವನ್ನು 250 ಮಿ.ಲೀ.ಯಂತೆ ಕೊಟ್ಟು, ಪ್ರತಿ ಸಲವೂ ಶ್ವಾಸಕೋಶವನ್ನು ಅಲ್ಟ್ರಾಸೌಂಡಿನಲ್ಲಿ ನೋಡಿ, ಮುಂದಿನದನ್ನು ನಿರ್ಧರಿಸಿದೆವು. ರಕ್ತನಾಳಗಳನ್ನು ಬಿಗಿಯಿಸಿ ಒತ್ತಡ ಏರಿಸುವ ನಾರ್‌ಅಡ್ರೆನಲಿನ್ ಅನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿ ಸರಾಸರಿ ಒತ್ತಡವನ್ನು 75ಕ್ಕಿಂತ ಮೇಲೆ ಇಟ್ಟೆವು.

ಪೊಟ್ಯಾಷಿಯಂ 5.6 ಬೇರೆಯವರಲ್ಲಾದರೆ ನನ್ನನ್ನು ಇಷ್ಟು ಹೆದರಿಸುತ್ತಿರಲಿಲ್ಲ. ಹೊಸ ಕವಾಟದ ಚೌಕಟ್ಟು ಹೃದಯದ ವಿದ್ಯುತ್ ತಂತುಗಳ ಪಕ್ಕದಲ್ಲೇ ಒತ್ತಿ ಕೂರುತ್ತದೆ; ಇವರ ಇಸಿಜಿಯಲ್ಲಿ ಎಡ ಕವಲಿನ ತಡೆ ಹೊಸದಾಗಿ ಕಂಡಿತ್ತು. ಅಂಥ ಹೃದಯದಲ್ಲಿ ಪೊಟ್ಯಾಷಿಯಂ ಏರಿದರೆ ಬಡಿತವೇ ನಿಲ್ಲುವ ಅಪಾಯ ಇದೆ. ಪೇಸಿಂಗ್ ತಂತಿಯನ್ನು ಶನಿವಾರವೇ ತೆಗೆದಿದ್ದರು. ಕ್ಯಾಲ್ಸಿಯಂ, ಇನ್ಸುಲಿನ್ ಮತ್ತು ಗ್ಲೂಕೋಸ್ ಕೊಟ್ಟು, ಬೇಕಾದರೆ ಮತ್ತೆ ತಂತಿ ಹಾಕಲು ಸಿದ್ಧವಾಗಿದ್ದೆವು. ರಾತ್ರಿಯ ಹೊತ್ತಿಗೆ ಅದು 4.9ಕ್ಕೆ ಬಂತು.

ಕಾಯುವುದು

ಸೋಮವಾರ 3.2. ಮಂಗಳವಾರ 3.8. ಮಗಳು ಕೇಳಿದರು: "ದಿನದಿನಕ್ಕೆ ಏರುತ್ತಲೇ ಇದೆಯಲ್ಲ ಡಾಕ್ಟರ್, ಅಮ್ಮನಿಗೆ ಡಯಾಲಿಸಿಸ್ ಶುರು ಮಾಡಿಬಿಡಬಾರದೆ?" ತಂಡದ ಕೆಲವರ ಮನಸ್ಸಿನಲ್ಲೂ ಅದೇ ಇತ್ತು. ಪೊಟ್ಯಾಷಿಯಂ ಹಿಡಿತದಲ್ಲಿತ್ತು, ಶ್ವಾಸಕೋಶ ಒಣಗಿತ್ತು, ರೋಗಿ ಎಚ್ಚರದಿಂದ ಮಾತಾಡುತ್ತಿದ್ದರು. ಕ್ರಿಯಾಟಿನಿನ್ ಎಂಬ ಒಂದೇ ಅಂಕಿಗಾಗಿ ಡಯಾಲಿಸಿಸ್ ಮಾಡುವುದಿಲ್ಲ ಎಂದು ಅವರಿಗೆ ವಿವರಿಸಿದೆ. 2020ರ ಸ್ಟಾರ್ಟ್-ಎಕೆಐ ಅಧ್ಯಯನದಲ್ಲಿ ತುರ್ತಾಗಿ ಡಯಾಲಿಸಿಸ್ ಆರಂಭಿಸಿದವರು ಹೆಚ್ಚು ಬದುಕಲಿಲ್ಲ. ಉಳಿದುಕೊಂಡವರಲ್ಲಿ 90ನೇ ದಿನಕ್ಕೂ ಡಯಾಲಿಸಿಸ್‌ಗೆ ಅಂಟಿಕೊಂಡಿದ್ದವರು ತುರ್ತಿನ ಗುಂಪಿನಲ್ಲಿ ಶೇ 10.4, ಕಾದು ನೋಡಿದ ಗುಂಪಿನಲ್ಲಿ ಶೇ 6.0. ಡಯಾಲಿಸಿಸ್ ವೇಳೆ ಒತ್ತಡ ಮತ್ತೆ ಕುಸಿದರೆ ಚೇತರಿಸುತ್ತಿರುವ ಮೂತ್ರಪಿಂಡಕ್ಕೆ ಇನ್ನೊಂದು ಏಟು.

ಹೀಗೆ ಹೇಳುವಾಗ ನನಗೆ ಧೈರ್ಯ ತುಂಬಿ ತುಳುಕುತ್ತಿತ್ತು ಎಂದಲ್ಲ. ಮಂಗಳವಾರ ರಾತ್ರಿ ಎರಡು ಸಲ ಫೋನ್ ಮಾಡಿ ಮೂತ್ರ ಎಷ್ಟು ಎಂದು ಕೇಳಿದೆ. ಅದೇ ನರ್ಸ್ ಫೋನ್ ಎತ್ತಿ, "ಈ ಗಂಟೆ 38, ಹಿಂದಿನ ಗಂಟೆ 34" ಎಂದರು. ಬುಧವಾರ ಕ್ರಿಯಾಟಿನಿನ್ 4.1ಕ್ಕೆ ಮುಟ್ಟಿತು, ಮೂರನೇ ಹಂತ. ಆದರೆ ಆ ದಿನದ ಮೂತ್ರ 900 ಮಿ.ಲೀ. ಗುರುವಾರ 1,600, ಕ್ರಿಯಾಟಿನಿನ್ 3.9. ಇಲ್ಲೂ ಮೂತ್ರವೇ ಮೊದಲು ಹೇಳಿತು, ರಕ್ತ ಆಮೇಲೆ.

ಹದಿಮೂರನೇ ದಿನ 2.1ರೊಂದಿಗೆ ಮನೆಗೆ ಹೋದರು.

ಇದರ ನಂತರ ಆ ವಿಭಾಗದಲ್ಲಿ ಕೆಲವು ಬದಲಾವಣೆಗಳಾದವು. ಕವಾಟ ಚಿಕಿತ್ಸೆಗೆ ಬರುವವರ ಕಡತದ ಮೊದಲ ಪುಟದಲ್ಲಿ ಮೂರು ತಿಂಗಳ ಹಿಂದಿನ ಕ್ರಿಯಾಟಿನಿನ್ ಬರೆಯುತ್ತಾರೆ, ಅದರ ಕೆಳಗೆ ಎರಡು ವಾರಗಳಲ್ಲಿ ಸಂದ ಕಾಂಟ್ರಾಸ್ಟಿನ ಒಟ್ಟು ಮೊತ್ತ. ನೋವಿನ ಗುಳಿಗೆಯ ಬಗ್ಗೆ ಹೆಸರು ಹಿಡಿದು ಕೇಳುತ್ತಾರೆ. ಮೂತ್ರದ ಪಟ್ಟಿಯಲ್ಲಿ ರೋಗಿಯ ತೂಕದಂತೆ ಕನಿಷ್ಠ ಅಂಕಿಯನ್ನು ಕೆಂಪು ಶಾಯಿಯಲ್ಲಿ ಮೊದಲೇ ಬರೆದಿಡುತ್ತಾರೆ. ಎರಡು ಗಂಟೆ ಸತತವಾಗಿ ಅದಕ್ಕಿಂತ ಕಡಿಮೆಯಾದರೆ ನರ್ಸ್ ನೇರವಾಗಿ ಹಿರಿಯ ವೈದ್ಯರನ್ನು ಕರೆಯಬಹುದು, ಮತ್ತು ಬಂದವರು ಚುಚ್ಚುಮದ್ದು ಬರೆಯುವ ಮುನ್ನ ಒತ್ತಡ, ಹಿಮೋಗ್ಲೋಬಿನ್, ತೊಡೆಸಂದು ಮೂರನ್ನೂ ನೋಡಬೇಕು. ರಕ್ತಹೀನತೆ ಇರುವವರಿಗೆ ಸಮಯವಿದ್ದರೆ ವಾರಗಳ ಮೊದಲೇ ಕಬ್ಬಿಣಾಂಶ ಕೊಡಬೇಕೆಂದು ನಾನು ಒತ್ತಾಯಿಸುತ್ತಿದ್ದೇನೆ. ಅದು ಇನ್ನೂ ಎಲ್ಲರಿಗೂ ಆಗುತ್ತಿಲ್ಲ.

ಮೂರು ತಿಂಗಳ ನಂತರ ಅವರು ಮಗಳ ಜೊತೆ ಬಂದರು, ತಾವೇ ನಡೆದು. ಏದುಸಿರಿಲ್ಲ. ಕವಾಟದ ಒತ್ತಡದ ವ್ಯತ್ಯಾಸ 9. ಕ್ರಿಯಾಟಿನಿನ್ 1.6, ಇಜಿಎಫ್‌ಆರ್ 32. "ಕವಾಟ ಹಾಕಿಸಿಕೊಂಡದ್ದು ತಪ್ಪಾಯಿತೇನೋ ಡಾಕ್ಟ್ರೇ?" ಎಂದು ಕೇಳಿದರು. ಇಲ್ಲ ಅಮ್ಮ, ಅದು ಸರಿಯಾದದ್ದೇ, ನೋಡಿಕೊಳ್ಳುವುದರಲ್ಲಿ ನಾವು ತಪ್ಪಿದೆವು ಎಂದು ನೇರವಾಗಿ ಹೇಳಿದೆ. ಅವರು ತಲೆಯಾಡಿಸಿದರು, ಮತ್ತೇನೂ ಕೇಳಲಿಲ್ಲ. ಮೆಟ್‌ಫಾರ್ಮಿನ್ ಪ್ರಮಾಣ ಇಳಿಸಿದೆ. ಟೆಲ್ಮಿಸಾರ್ಟನನ್ನು ಸಣ್ಣ ಪ್ರಮಾಣದಲ್ಲಿ ಮತ್ತೆ ಆರಂಭಿಸಿ, ಎರಡು ವಾರ ಬಿಟ್ಟು ಪೊಟ್ಯಾಷಿಯಂ ನೋಡಲು ಬರೆದೆ. ಮಂಡಿಗೆ ವ್ಯಾಯಾಮ ಮತ್ತು ಪ್ಯಾರಾಸಿಟಮಾಲ್.

ಹೊರಡುವಾಗ ಮಗಳು ಅಮ್ಮನ ಆರೋಗ್ಯ ಪುಸ್ತಕ ತೆರೆದು, ಮುಂದೆ ಬೇರೆ ವೈದ್ಯರು ಕೇಳಿದರೆ ಅಮ್ಮನ ಕ್ರಿಯಾಟಿನಿನ್ ಎಷ್ಟೆಂದು ಹೇಳಲಿ ಎಂದು ಕೇಳಿದರು. 1.6 ಎಂದು ಬರೆದು ದಿನಾಂಕ ಹಾಕಿದೆ. ಅದರ ಮೇಲಿನ ಸಾಲಿನಲ್ಲಿ 1.3 ಎಂದೂ ಬರೆದು, ಅದರ ದಿನಾಂಕವನ್ನೂ ಹಾಕಿದೆ.